ಭರಣಿಗೆ ಉಪ್ಪು

ನಮ್ಮ ಮನೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಅತ್ತೆಯವರ ಖಾತೆ. ನಾನು ಮದುವೆಯಾಗಿ ಹೊರನಾಡಿಗೆ ಬಂದು ಇಪ್ಪತ್ತೆಂಟು ವರ್ಷ ಕಳೆದರೂ ಆ ಖಾತೆ ನನಗೆ ವರ್ಗವಾಗಿರಲಿಲ್ಲ. ಸೀಮೆಸುಣ್ಣ ಹಿಡಿಯುವ ಕೈಗೆ ಉಪ್ಪಿನಕಾಯಿಯ ಹದ ಬರುವುದಿಲ್ಲ ಎಂಬುದು ಅವರ ಸಿದ್ಧಾಂತ. ಮಿಡಿ ಆರಿಸುವುದು, ತೊಳೆದು ಬಟ್ಟೆಯಲ್ಲಿ ಒರೆಸುವುದು, ಭರಣಿಯನ್ನು ಬಿಸಿಲಿಗಿಡುವುದು, ಇಷ್ಟರವರೆಗೆ ನನಗೆ ಪ್ರವೇಶ. ಆಮೇಲೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಹಾಕುವಾಗ ನಾನು ದೂರ ನಿಂತು ನೋಡಬೇಕು. ಅವರಿಗೆ ಅಳತೆ ಗಿಳತೆ ಇಲ್ಲ. ಮುಷ್ಟಿಯಲ್ಲಿ ತೆಗೆದು, ಬೆರಳ ಸಂದಿಯಿಂದ ಉದುರಿಸುತ್ತಾ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವರು.

2022ರ ಬೇಸಿಗೆಯಲ್ಲಿ ಹಾಕಿದ ಉಪ್ಪಿನಕಾಯಿಯನ್ನು ಮಳೆ ಹಿಡಿದ ಮೇಲೆ ತೆಗೆದು ಬಡಿಸಿದರೆ, ಬಾಯಿಗಿಟ್ಟವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಪ್ಪೆಂದರೆ ಉಪ್ಪು, ಬಾಯಿ ಕಹಿಯಾಗುವಷ್ಟು. ನಮ್ಮವರು ಮೆಲ್ಲಗೆ, "ಅಮ್ಮಾ, ಈ ಸಲ ಉಪ್ಪು ಒಂದು ಚೂರು..." ಎಂದರು. "ಉಪ್ಪು ಸರಿಯಾಗಿಯೇ ಉಂಟು. ನಿನಗೆ ಬಿ.ಪಿ. ಬಂದ ಮೇಲೆ ಎಲ್ಲವೂ ಉಪ್ಪೇ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ನಾವೆಲ್ಲ ನಕ್ಕೆವು. ನೆಂಟರ ಮನೆಗಳಿಗೆ ಹೋದ ಬಾಟಲಿಗಳ ಬಗ್ಗೆ ಯಾರೂ ಫೋನು ಮಾಡಲಿಲ್ಲ. ಬೇರೆ ವರ್ಷಗಳಲ್ಲಿ "ಇನ್ನೊಂದು ಬಾಟಲಿ ಸಿಗಬಹುದಾ" ಎಂದು ಕೇಳುತ್ತಿದ್ದವರು ಅವರೇ.

ಉಪ್ಪು ಎರಡು ಸಲ ಬಿದ್ದಿತ್ತು. ಅಷ್ಟು ಸರಳವಾದ ಲೆಕ್ಕ ನನಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ಅಷ್ಟರಲ್ಲಿ ಬೇರೆ ಸಂಗತಿಗಳೂ ನಡೆಯುತ್ತಿದ್ದವು. ಬೆಳಿಗ್ಗೆ ಹೇಳಿದ ಸುದ್ದಿಯನ್ನು ಮಧ್ಯಾಹ್ನ ಹೊಸದೆಂಬಂತೆ ಹೇಳುವುದು. ಮೊಮ್ಮಗಳ ಪರೀಕ್ಷೆ ಯಾವಾಗ ಎಂದು ಒಂದೇ ಸಂಜೆ ನಾಲ್ಕು ಸಲ ಕೇಳುವುದು. ಹಾಲು ಒಲೆಯ ಮೇಲಿಟ್ಟು ಹೂ ಕೊಯ್ಯಲು ಹೋಗುವುದು. ಅವರಿಗಾಗ ಎಪ್ಪತ್ತಾರು. ಯಾರೇ ಬಂದರೂ ಒಂದೇ ಮಾತು ಹೇಳುತ್ತಿದ್ದರು: "ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಎಪ್ಪತ್ತು ದಾಟಿತಲ್ಲ!" ಕನ್ನಡ ಪಾಠ ಮಾಡುವವಳಾದ ನನಗೆ ಈ ಗಾದೆಯ ಮೇಲೆ ಮೊದಲಿನಿಂದಲೂ ಒಂದು ಪ್ರೀತಿ. ಬೇಂದ್ರೆಯವರು ತಮ್ಮ ಕವನ ಸಂಕಲನಕ್ಕೆ 'ಅರಳು ಮರಳು' ಎಂದೇ ಹೆಸರಿಟ್ಟು, ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಬುದ್ಧಿ ಮಂಕಾಗುವುದಕ್ಕೆ ಹೇಳುವ ಮಾತಿನೊಳಗೇ ಹೂವು ಬಿರಿಯುವ ಅರಳೂ ಇದೆ, ಹಿಂದಿರುಗಿ ಬರುವ ಮರಳೂ ಇದೆ ಎಂದು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೇನೆ. ತರಗತಿಯಲ್ಲಿ ಅದು ಚೆಂದ. ಮನೆಯಲ್ಲಿ ಆ ಗಾದೆ ನಮಗೆ ಮಾಡಿದ ಉಪಕಾರವೆಂದರೆ, ಮುಂದೆ ಯೋಚಿಸದಂತೆ ನಮ್ಮನ್ನು ನಿಲ್ಲಿಸಿದ್ದು. ವಯಸ್ಸಾಯ್ತು, ಆಯಿತು, ಮುಗಿಯಿತು.

ನಾನು ಮಾಡಿದ್ದು ಇನ್ನೂ ಚೆನ್ನಾಗಿದೆ. ಮೂವತ್ತು ವರ್ಷ ತಪ್ಪು ತಿದ್ದಿದ ಅಭ್ಯಾಸ ನೋಡಿ, ಕೆಂಪು ಶಾಯಿ ಮನೆಗೂ ಬಂತು. "ಅತ್ತೆ, ಇದನ್ನು ಆಗಲೇ ಹೇಳಿದಿರಿ." "ಅತ್ತೆ, ಇವತ್ತು ಸೋಮವಾರ ಅಲ್ಲ, ಬುಧವಾರ." "ನೆನಪು ಮಾಡಿಕೊಳ್ಳಿ ನೋಡೋಣ, ನಿನ್ನೆ ಯಾರು ಬಂದಿದ್ದರು?" ಹೀಗೆ ಕೇಳುತ್ತಿದ್ದರೆ ಬುದ್ಧಿ ಚುರುಕಾಗಿ ಇರುತ್ತದೆ ಎಂದು ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ. ಜೊತೆಗೆ ವಾರಕ್ಕೆರಡು ದಿನ ಒಂದೆಲಗದ ತಂಬುಳಿ. ನನ್ನ ಮಕ್ಕಳಿಬ್ಬರಿಗೂ ಪರೀಕ್ಷೆ ಬಂತೆಂದರೆ ತೋಟದ ಬದುವಿನಿಂದ ಒಂದೆಲಗ ಕಿತ್ತು ತಂದು ತಂಬುಳಿ ಮಾಡಿ ಕುಡಿಸಿದವರು ಇದೇ ಅತ್ತೆ. ಈಗ ನಾನು ಬಡಿಸಿದರೆ ಬಟ್ಟಲು ನೋಡಿ, ನನ್ನ ಮುಖ ನೋಡಿ, "ನನಗೆ ಎಂಥ ಪರೀಕ್ಷೆ ಉಂಟು?" ಎಂದರು. ನಾನು ಅದನ್ನೂ ತಮಾಷೆ ಎಂದುಕೊಂಡೆ.

ಆಮೇಲೆ ಬೆಂಡೋಲೆ ಕಳೆಯಿತು.

ಅದು ಅವರ ತಾಯಿ ಕೊಟ್ಟದ್ದು. ಬೆಳ್ತಂಗಡಿ ಕಡೆಯಿಂದ ಘಟ್ಟ ಹತ್ತಿ ಸೊಸೆಯಾಗಿ ಬರುವಾಗ ಕಿವಿಯಲ್ಲಿದ್ದದ್ದು. 2023ರ ಶಿವರಾತ್ರಿಯ ಹೊತ್ತಿಗೆ ಪೆಟ್ಟಿಗೆಯಲ್ಲಿ ಇಲ್ಲ. ಹುಡುಕಿದೆವು, ಸಿಗಲಿಲ್ಲ. ಮೂರನೆಯ ದಿನ ಅತ್ತೆ, ಮನೆಗೆಲಸಕ್ಕೆ ಬರುವಾಕೆ ಎದುರಿಗೇ ಇರುವಾಗ, ಗಟ್ಟಿಯಾಗಿಯೇ ಹೇಳಿದರು: "ಮನೆಯೊಳಗೆ ಬಂದು ಹೋಗುವವರು ಇನ್ನು ಯಾರಿದ್ದಾರೆ?" ಹದಿನೈದು ವರ್ಷದಿಂದ ಬರುತ್ತಿದ್ದವಳು. ಅವಳ ಹೆರಿಗೆಗೆ ಅತ್ತೆಯೇ ಬಾಣಂತಿ ಲೇಹ ಮಾಡಿ ಕಳಿಸಿದ್ದರು. ಅವಳು ಪೊರಕೆ ಮೂಲೆಗಿಟ್ಟು ನನ್ನನ್ನು ನೋಡಿದಳು. ಆ ಗಳಿಗೆಯಲ್ಲಿ ನಾನು ಹೇಳಬೇಕಾದದ್ದು ಒಂದು, ಹೇಳಿದ್ದು ಇನ್ನೊಂದು. "ಎಲ್ಲಾದರೂ ಗುಡಿಸುವಾಗ ಸಿಕ್ಕಿತಾ ನೋಡು" ಎಂದೆ. ಅವಳು ಮಾತಾಡದೆ ಹೋದಳು. ಮರುದಿನದಿಂದ ಬರಲಿಲ್ಲ.

ಬೆಂಡೋಲೆ ಸಿಕ್ಕಿದ್ದು ಮೂರು ವಾರದ ಮೇಲೆ, ಅಟ್ಟದಲ್ಲಿಟ್ಟ ಕಾಳುಮೆಣಸಿನ ಡಬ್ಬದ ತಳದಲ್ಲಿ, ಹಳೆಯ ರವಿಕೆ ತುಂಡಿನಲ್ಲಿ ಸುತ್ತಿ, ಮೂರು ಗಂಟು ಹಾಕಿ. ಆ ಗಂಟು ಅತ್ತೆಯದೇ. ಬೇರೆ ಯಾರಿಗೂ ಆ ಗಂಟು ಬಿಚ್ಚಲು ಬರುವುದಿಲ್ಲ.

ಆ ಸಂಜೆಯೇ ನಾನು, ನಮ್ಮವರು ಅವಳ ಮನೆಗೆ ಹೋದೆವು. ಎಸ್ಟೇಟಿನ ಲೈನಿನಲ್ಲಿ ಕೊನೆಯ ಮನೆ. ಕ್ಷಮೆ ಕೇಳುವುದು ಹೇಗೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋದ ನನಗೆ ಬಾಗಿಲಲ್ಲಿ ಬಾಯಿಯೇ ಬರಲಿಲ್ಲ. ಅವಳೇ ಚಾಪೆ ಹಾಕಿ, ಕಪ್ಪು ಕಾಫಿ ಕೊಟ್ಟು ಹೇಳಿದಳು: "ಟೀಚರಮ್ಮ, ಅಮ್ಮನಿಗೆ ಮರೀತದೆ ಅಂತ ನನಗೆ ಎರಡು ವರ್ಷದಿಂದ ಗೊತ್ತುಂಟು. ನೀವು ಸ್ಕೂಲಿಗೆ ಹೋದ ಮೇಲೆ ಗ್ಯಾಸ್ ಆರಿಸ್ತಾ ಇದ್ದದ್ದು ಯಾರು ಅಂದ್ಕೊಂಡ್ರಿ? ಅಮ್ಮ ಅಂದದ್ದಕ್ಕೆ ನನಗೆ ಬೇಜಾರಿಲ್ಲ. ನೀವು ಅಂದದ್ದಕ್ಕೆ ಉಂಟು."

ಅವಳು ಮತ್ತೆ ಕೆಲಸಕ್ಕೆ ಬಂದಳು, ಆದರೆ ಒಂದು ತಿಂಗಳು ಬಿಟ್ಟು. ನಮ್ಮ ಮನೆಯ ರೋಗವನ್ನು ಮೊದಲು ಕಂಡುಹಿಡಿದದ್ದು ಬಿ.ಎ., ಬಿ.ಎಡ್. ಮಾಡಿದ ಸೊಸೆಯಲ್ಲ, ಇಂಜಿನಿಯರ್ ಮಗನಲ್ಲ, ಅವಳು.

ಹತ್ತಿರದ ಪೇಟೆಯ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಬಿ.ಪಿ. ನೋಡಿ, ಟಾನಿಕ್ ಬರೆದು, "ವಯಸ್ಸಾಯ್ತಲ್ಲಮ್ಮ" ಎಂದರು. ಇಷ್ಟಕ್ಕೆ ನಾವು ಸುಮ್ಮನಾಗುತ್ತಿದ್ದೆವೋ ಏನೋ. ಆದರೆ ಆ ಮಳೆಗಾಲದಲ್ಲಿ ಅಡಿಕೆಯ ಹಳೆ ಲೆಕ್ಕ ಹುಡುಕುವಾಗ ನನ್ನ ಕೈಗೆ ಒಂದು ಪುಸ್ತಕ ಸಿಕ್ಕಿತು. ಅತ್ತೆ ಏಳನೆಯ ಇಯತ್ತೆವರೆಗೆ ಓದಿದವರು, ಅಕ್ಷರ ದುಂಡು ದುಂಡು. ಮುಂದಿನ ಪುಟಗಳಲ್ಲಿ ಅಡಿಕೆ ಸುಲಿದವರ ಲೆಕ್ಕ. ಹಿಂದಿನಿಂದ ತಿರುವಿದರೆ ಬೇರೆಯೇ ಬರವಣಿಗೆ. ಮಕ್ಕಳ, ಮೊಮ್ಮಕ್ಕಳ ಹೆಸರು, ಹುಟ್ಟಿದ ಕ್ರಮದಲ್ಲಿ. ಬೆಂಗಳೂರಿನ ಸೊಸೆಯ ಹೆಸರು, ಅದರ ಕೆಳಗೆ ಅವಳ ಅಮ್ಮನ ಹೆಸರು. 'ಹಾಲಿನವನಿಗೆ ಕೊಟ್ಟಾಯ್ತು.' 'ಮಾತ್ರೆ ತಕೊಂಡೆ, ಸೋಮವಾರ.' 'ಗ್ಯಾಸ್ ನೋಡಬೇಕು, ಗ್ಯಾಸ್ ನೋಡಬೇಕು.' ಒಂದು ಪುಟದಲ್ಲಿ ಮೊಮ್ಮಗಳ ಪರೀಕ್ಷೆಯ ತಾರೀಕು. ಅದರ ಪಕ್ಕದಲ್ಲಿ: 'ಇದನ್ನು ಮತ್ತೆ ಸೊಸೆ ಹತ್ತಿರ ಕೇಳಬಾರದು.'

ನಾನು ಅದನ್ನು ಎಲ್ಲಿತ್ತೋ ಅಲ್ಲಿಯೇ ಇಟ್ಟೆ. ಹೊರಗೆ ಮಳೆ ಹುಯ್ಯುತ್ತಿತ್ತು, ಕರೆಂಟು ಹೋಗಿತ್ತು. ಅತ್ತೆ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದರು. ಎರಡು ವರ್ಷದಿಂದ ಅವರಿಗೆ ಎಲ್ಲವೂ ತಿಳಿದಿತ್ತು. ತನ್ನ ಕೈಯಿಂದ ಒಂದೊಂದೇ ಜಾರುತ್ತಿದೆ ಎಂದು ತಿಳಿದು, ಅದು ನಮಗೆ ತಿಳಿಯಬಾರದೆಂದು, ಒಬ್ಬರೇ ಕೂತು ಬರೆದುಕೊಳ್ಳುತ್ತಿದ್ದರು. ಕಾಪಿ ಹೊಡೆಯುವ ಮಕ್ಕಳನ್ನು ಹಿಡಿದು ಹಿಡಿದು ಗಟ್ಟಿಯಾದ ನನ್ನ ಕಣ್ಣು ಆವತ್ತು ನಿಲ್ಲಲಿಲ್ಲ.

ಮಳೆ ಬಿಟ್ಟು, ದಾರಿ ಸರಿಯಾಗಿ, ನವೆಂಬರಿನಲ್ಲಿ ಮಂಗಳೂರಿಗೆ ಹೋದೆವು. ಕಳಸ, ಕುದುರೆಮುಖ, ಕಾರ್ಕಳದ ದಾರಿ. ನರರೋಗ ತಜ್ಞರು ಅವಸರ ಮಾಡದ ಮನುಷ್ಯ. ಮೊದಲು ರಕ್ತಪರೀಕ್ಷೆ ಮಾಡಿಸಿದರು. ಥೈರಾಯಿಡ್ ಕಡಿಮೆಯಾದರೆ, ಬಿ-12 ಜೀವಸತ್ವ ಕಡಿಮೆಯಾದರೆ, ಮನಸ್ಸಿಗೆ ಖಿನ್ನತೆ ಹಿಡಿದಿದ್ದರೆ, ಆಗಲೂ ಮರೆವು ಬರುತ್ತದಂತೆ, ಅವಕ್ಕೆಲ್ಲ ಔಷಧವಿದೆಯಂತೆ. ಅದಕ್ಕೇ ಯಾರೂ 'ವಯಸ್ಸಾಯ್ತು' ಎಂದು ಮನೆಯಲ್ಲಿ ಕೂರಬಾರದು ಎಂದರು. (ಈ ಮಾತು ಕೇಳಿ ನಾನೂ ರಕ್ತ ಕೊಟ್ಟೆ. ಬಿ-12 ಪಾತಾಳದಲ್ಲಿತ್ತು! ಹಾಲು ಮೊಸರು ಬಿಟ್ಟರೆ ಬರೀ ಸೊಪ್ಪು ತರಕಾರಿ ತಿನ್ನುವ ನಮ್ಮಂಥವರಲ್ಲಿ ಇದು ಬಹಳ ಸಾಮಾನ್ಯವಂತೆ. ಮಕ್ಕಳ ಹೆಸರು ಮರೆಯುತ್ತಿದೆ ಎಂದು ಒಳಗೊಳಗೇ ಹೆದರಿದ್ದವಳು ಇಂಜೆಕ್ಷನ್ ತೆಗೆದುಕೊಂಡು ಉಸಿರು ಬಿಟ್ಟೆ.)

ಅತ್ತೆಯ ರಕ್ತ ಸರಿಯಿತ್ತು. ಆಮೇಲೆ ಪ್ರಶ್ನೆಗಳು. ನಾನು ಪರೀಕ್ಷಾ ಕೊಠಡಿಯ ಹೊರಗೆ ನಿಂತ ತಾಯಂದಿರ ಹಾಗೆ ನಿಂತಿದ್ದೆ. "ಅಮ್ಮಾ, ಈಗ ಯಾವ ತಿಂಗಳು?" "ಅಡಿಕೆ ಕೊಯ್ಲು ಶುರುವಾಗಿದೆ. ಕಾಫಿ ಹಣ್ಣಾಗ್ತಾ ಉಂಟು." ಡಾಕ್ಟರು ನಕ್ಕು, ಅದಕ್ಕೆ ಪೂರ್ತಿ ಅಂಕ ಕೊಟ್ಟರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರೆ ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ನನಗಿಂತ ಬೇಗ ಹೇಳಿದರು. ಐವತ್ತು ವರ್ಷ ಅಡಿಕೆ ಮೆಣಸಿನ ಲೆಕ್ಕ ಇಟ್ಟವರಲ್ಲವೇ. ಆದರೆ ಬಾಳೆ, ಕುರ್ಚಿ, ಬೀಗ ಎಂಬ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರೆ ಒಂದೂ ಇಲ್ಲ. ಮೂರು ಪದ ಹೇಳಿದ್ದೇ ಇಲ್ಲ ಎಂದರು. ಗಡಿಯಾರ ಬರೆಯಿರಿ ಎಂದಾಗ ದುಂಡಗೆ ಚಕ್ರ ಬರೆದು, ಹನ್ನೆರಡು ಅಂಕಿಗಳನ್ನೂ ಬಲಗಡೆಯೇ ಒತ್ತಿ ತುಂಬಿದರು. ಎಡಗಡೆ ಖಾಲಿ. ಅದನ್ನು ನೋಡಿ ಅವರಿಗೇ ಏನೋ ಸರಿಯಿಲ್ಲ ಎನ್ನಿಸಿತು. ಪೆನ್ಸಿಲು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

ತಲೆಯ ಎಂ.ಆರ್.ಐ. ಆಯಿತು. ಡಿಮೆನ್ಶಿಯಾ, ಬಹುಶಃ ಅಲ್ಜೈಮರ್ ಕಾಯಿಲೆಯಿಂದ, ಈಗಿನ್ನೂ ಆರಂಭದ ಹಂತ ಎಂದರು. ಮಾತ್ರೆ ಬರೆದರು; ಇದು ಗುಣ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಮ್ಮನಿಗೆ ಹೇಳುವುದು ಬೇಡ ಎಂದು ನಮ್ಮವರು ಕಣ್ಸನ್ನೆ ಮಾಡಿದರು. ಡಾಕ್ಟರು ನೇರವಾಗಿ ಅತ್ತೆಯ ಕಡೆ ತಿರುಗಿ, "ನಿಮಗೆ ಮರೆವಿನ ಕಾಯಿಲೆ ಶುರುವಾಗಿದೆಯಮ್ಮ" ಎಂದರು. ನನಗೆ ಆ ಲೆಕ್ಕದ ಪುಸ್ತಕ ನೆನಪಾಯಿತು. ಅವರಿಂದ ಮುಚ್ಚಿಡುವುದಕ್ಕೆ ನಮ್ಮ ಹತ್ತಿರ ಏನಿತ್ತು?

ವಾಪಸು ಬರುವಾಗ ಕುದುರೆಮುಖದ ಹತ್ತಿರ, ಬಹಳ ಹೊತ್ತು ಕಿಟಕಿ ನೋಡುತ್ತಿದ್ದವರು ಕೇಳಿದರು: "ಇದು ಹುಚ್ಚಲ್ಲವಲ್ಲ?"

"ಅಲ್ಲ ಅತ್ತೆ. ಮರೆವು ಅಷ್ಟೆ."

ಕಳಸ ದಾಟಿದ ಮೇಲೆ ಪುನಃ ಕೇಳಿದರು: "ಇದು ಹುಚ್ಚಲ್ಲವಲ್ಲ?" ಮೊದಲನೆಯ ಸಲ ಕೇಳಿದಾಗ ಹೇಗೆ ಹೇಳಿದೆನೋ ಹಾಗೆಯೇ ಹೇಳಿದೆ. ಮನೆ ಮುಟ್ಟುವಷ್ಟರಲ್ಲಿ ಎಷ್ಟು ಸಲ ಹೇಳಿದೆನೋ, ಎಣಿಸಲಿಲ್ಲ. 'ಆಗಲೇ ಹೇಳಿದೆನಲ್ಲ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಸುಳ್ಳಲ್ಲ.

ಆ ಪ್ರಶ್ನೆಯ ಹಿಂದೆ ಏನಿತ್ತೆಂದು ನಮ್ಮ ಕಡೆಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊಮ್ಮಗಳು ಮದುವೆಗೆ ಬಂದಿದ್ದಾಳೆ. "ಮನೆತನದಲ್ಲಿ ಹಾಗೇನಾದರೂ ಉಂಟಾ?" ಎಂದು ಗಂಡಿನ ಕಡೆಯವರು ಕೇಳುವುದು ಇಂಥದ್ದನ್ನೇ. ನೆಂಟರಲ್ಲಿ ಒಬ್ಬರು ನನ್ನನ್ನು ಹಿತ್ತಲಿಗೆ ಕರೆದು, "ಡಿಮೆನ್ಶಿಯಾ ಅಂತೆಲ್ಲ ಹೇಳಿಕೊಂಡು ತಿರುಗಬೇಡ, ಅರಳು ಮರಳು ಅಂದರೆ ಸಾಕು" ಎಂದು ಬುದ್ಧಿ ಹೇಳಿದರು. ಇನ್ನೊಬ್ಬರು ತಡೆ ಒಡೆಸಲು ಹೇಳಿದರು. ನಾನು ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ, ಓದಲು ಕೂತೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಒಬ್ಬ ಹೆಂಗಸನ್ನು ಕರೆತಂದರಂತೆ. ಅವಳಿಗೆ ಕೇವಲ 51 ವರ್ಷ. ಮರೆವು ಇತ್ತು, ಜೊತೆಗೆ ಗಂಡನ ಮೇಲೆ ವಿಪರೀತ ಅನುಮಾನ. ಅವಳನ್ನು ನೋಡಿದ ವೈದ್ಯ ಅಲೋಯಿಸ್ ಅಲ್ಜೈಮರ್, 1906ರಲ್ಲಿ ಅವಳು ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅದರಲ್ಲಾದ ಬದಲಾವಣೆಗಳನ್ನು ವಿವರಿಸಿದ. ಕಾಯಿಲೆಗೆ ಅವನ ಹೆಸರು ಬಂತು. ನನಗೆ ಹಿಡಿದದ್ದು ಆ ಅನುಮಾನದ ವಿಷಯ. ಬೆಂಡೋಲೆ ಕಳೆದಾಗ ಕೆಲಸದವಳ ಮೇಲೆ ಮಾತು ಬಂದದ್ದು ಅತ್ತೆಯ ಗುಣದಿಂದಲ್ಲ. ಇಟ್ಟದ್ದು ನೆನಪಿಲ್ಲ, ಇಟ್ಟ ವಸ್ತು ಜಾಗದಲ್ಲಿಲ್ಲ. ಹಾಗಾದರೆ ಯಾರೋ ತೆಗೆದಿರಬೇಕು. ನೆನಪು ಕೈಕೊಟ್ಟರೂ ತರ್ಕ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ನಮ್ಮ ಸೀಮೆಯಲ್ಲಿ ಎಷ್ಟು ಸೊಸೆಯಂದಿರು, ಎಷ್ಟು ಕೆಲಸದವರು ಹೀಗೆ ಕಳ್ಳಿಯರಾಗಿ ಹೋದರೋ!

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಇದೆ, ಒಟ್ಟು ಸುಮಾರು 88 ಲಕ್ಷ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಗಳಲ್ಲಿ ಹೆಚ್ಚು. ಇನ್ನೊಂದು ಸಂಗತಿ ನನಗೆ ಸಂತೋಷ ಕೊಟ್ಟಿತು. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಮಾತಾಡುವವರಲ್ಲಿ ಈ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೇ ಹೋಗದವರಲ್ಲೂ. ನಮ್ಮತ್ತೆ ಮನೆಯಲ್ಲಿ ಕನ್ನಡ, ತೋಟದ ಆಳುಗಳ ಹತ್ತಿರ ತುಳು. ಹಾಗಾದರೆ ಅವರ ಕೊನೆಯ ನಾಲ್ಕೈದು ಒಳ್ಳೆಯ ಉಪ್ಪಿನಕಾಯಿ ಭರಣಿಗಳು ನಮಗೆ ದಕ್ಕಿದ್ದು ಆ ತುಳುವಿನಿಂದಲೇ ಇರಬಹುದು ಎಂದೆ. ನಮ್ಮವರಿಗೆ ನಗು ಬರಲಿಲ್ಲ.

ಮನೆಯಲ್ಲಿ ನಾನು ಮಾಡಿದ ಮೊದಲ ಸುಧಾರಣೆ ಸೋತಿತು. ಒಂದು ಕರಿಹಲಗೆ ತಂದು ಅಡಿಗೆಮನೆಯ ಬಾಗಿಲ ಪಕ್ಕ ಹಾಕಿ, ವಾರ, ತಾರೀಕು, ಯಾರು ಎಲ್ಲಿಗೆ ಹೋಗಿದ್ದಾರೆ ಎಂದು ಬರೆದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಓದಿ, "ನಾನೇನು ಒಂದನೇ ಕ್ಲಾಸಾ?" ಎಂದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು. ತಪ್ಪು ನನ್ನದೇ. ಅವರ ಹತ್ತಿರ ಆಗಲೇ ಒಂದು ಪುಸ್ತಕವಿತ್ತಲ್ಲ! ಒಂದು ದಿನ, ಗೊತ್ತಿಲ್ಲದವಳ ಹಾಗೆ, "ಅತ್ತೆ, ನನಗೂ ಈಗ ಮರೆಯುತ್ತದೆ, ನಾನೊಂದು ಪುಸ್ತಕ ಮಾಡಿಕೊಂಡಿದ್ದೇನೆ, ನಿಮಗೊಂದು ತರಲಾ?" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಗೆರೆ ಇರುವುದು ತಾ" ಎಂದರು. ಈಗ ಅಡಿಗೆಮನೆಯ ಗೂಡಿನಲ್ಲಿ ಇಬ್ಬರ ಪುಸ್ತಕವೂ ಇವೆ. ಹರಿಯುವ ಕ್ಯಾಲೆಂಡರಿನ ಹಾಳೆಯನ್ನು ಬೆಳಿಗ್ಗೆ ಹರಿಯುವುದು ಅವರ ಕೆಲಸ. ಕೆಲವು ದಿನ ಎರಡು ಹಾಳೆ ಹರಿದಿರುತ್ತಾರೆ; ಆ ದಿನ ನಮ್ಮ ಮನೆಯಲ್ಲಿ ನಾಳೆಯೇ ಬಂದಿರುತ್ತದೆ. ನಾವು ಸುಮ್ಮನೆ ಮರುದಿನ ಹರಿಯದೆ ಬಿಡುತ್ತೇವೆ.

ಅವರ ಕೈ ಏನನ್ನೂ ಮರೆತಿಲ್ಲ ಎಂಬುದು ನಮಗೆ ನಿಧಾನವಾಗಿ ಗೊತ್ತಾಯಿತು. ಮೆಟ್ಟುಗತ್ತಿಯ ಮುಂದೆ ಕೂತರೆ ಅಡಿಕೆ ಸುಲಿಯುವುದರಲ್ಲಿ ಈಗಲೂ ಹುಡುಗಿಯರಿಗೆ ಸಮ. ಹೂ ಕಟ್ಟುತ್ತಾರೆ, ಬತ್ತಿ ಹೊಸೆಯುತ್ತಾರೆ. ಬೆರಳಿಗೆ ಕಲಿಸಿದ ವಿದ್ಯೆ ಕೊನೆಯವರೆಗೂ ಬಹಳ ಕಾಲ ಉಳಿಯುತ್ತದೆ ಎಂದು ಡಾಕ್ಟರೂ ಹೇಳಿದ್ದರು. ಗ್ಯಾಸ್ ಒಲೆಯ ವಿಷಯ ಮಾತ್ರ ಬಹಳ ನೋವು ಕೊಟ್ಟಿತು. ನಾನು ಶಾಲೆಗೆ ಹೋದಾಗ ರೆಗ್ಯುಲೇಟರ್ ಬಂದ್ ಮಾಡಿ ಹೋಗುವುದೆಂದು ತೀರ್ಮಾನಿಸಿದೆವು. ಐವತ್ತು ವರ್ಷ ಆ ಅಡಿಗೆಮನೆಯ ಯಜಮಾನಿಯಾಗಿದ್ದವರು ತಮ್ಮ ಕಾಫಿಗೆ ಕೆಲಸದವಳನ್ನು ಕಾಯುವುದನ್ನು ನೋಡಲಾಗುತ್ತಿರಲಿಲ್ಲ. ಕೊನೆಗೆ ಫ್ಲಾಸ್ಕಿನಲ್ಲಿ ಡಿಕಾಕ್ಷನ್, ಇನ್ನೊಂದರಲ್ಲಿ ಹಾಲು ಇಟ್ಟು, ಬೆರೆಸಿಕೊಳ್ಳುವುದನ್ನು ಅವರಿಗೇ ಬಿಟ್ಟೆವು. ಸಕ್ಕರೆ ಎರಡು ಸಲ ಬಿದ್ದರೆ ಬೀಳಲಿ.

ಬೆಂಗಳೂರಿನ ಮೈದುನ ಕರೆದುಕೊಂಡು ಹೋಗುತ್ತೇನೆ ಎಂದ. ಪ್ರೀತಿಯಿಂದಲೇ ಅಂದದ್ದು. ಅಲ್ಲಿ ನಿಮ್ಹಾನ್ಸ್ ಇದೆ, ನೈಟಿಂಗೇಲ್ಸ್‌ನಂಥ ಸಂಸ್ಥೆಗಳು ಇಂಥವರಿಗಾಗಿಯೇ ಆರೈಕೆ ಕೇಂದ್ರ ನಡೆಸುತ್ತಿವೆ. ನಮ್ಮ ಬೆಟ್ಟದಿಂದ ಅದೆಲ್ಲ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. 2024ರ ಬೇಸಿಗೆಯಲ್ಲಿ ಹೋದರು. ಹದಿನೈದು ದಿನ. ಆರನೆಯ ಮಹಡಿಯ ಮನೆಯಲ್ಲಿ ರಾತ್ರಿ ಎದ್ದರೆ ಬಚ್ಚಲು ಯಾವ ಕಡೆ ಎಂದು ತಿಳಿಯದು. ನೆಲ ಎಲ್ಲಿ ಎಂದು ಕೇಳುತ್ತಿದ್ದರಂತೆ. ಇಲ್ಲಿ ಮರೆತು ಹೋದದ್ದರ ಎರಡರಷ್ಟು ಅಲ್ಲಿ ಮರೆತರು. ಆಗ ಮಕ್ಕಳೆಲ್ಲ ಫೋನಿನಲ್ಲಿ ಕೂಡಿ, ಮೂರು ತಿಂಗಳು ಇಲ್ಲಿ, ಮೂರು ತಿಂಗಳು ಅಲ್ಲಿ ಎಂದು ಹಂಚಿಕೆ ಮಾಡುತ್ತಿರುವಾಗ ಅತ್ತೆ ಫೋನು ತೆಗೆದುಕೊಂಡು, "ನನ್ನನ್ನು ಪಾರ್ಸೆಲ್ ಮಾಡಬೇಡಿ ಮಾರಾಯ್ರೆ. ನನಗೆ ಬುದ್ಧಿ ಇರುವಾಗಲೇ ಹೇಳ್ತೇನೆ, ನಾನು ಹೊರನಾಡಿನಲ್ಲೇ ಇರುವುದು. ಆಮೇಲೆ ನಾನು ಬೇರೆ ಎಂಥ ಹೇಳಿದರೂ ಲೆಕ್ಕಕ್ಕಿಲ್ಲ" ಎಂದರು. ಆ ದೀಪಾವಳಿಗೆ ಎಲ್ಲರನ್ನೂ ಕರೆಸಿ, ಬ್ಯಾಂಕಿನ ಕಾಗದಕ್ಕೆ ತಿಳಿದೇ ಸಹಿ ಹಾಕಿ, ಬೆಂಡೋಲೆಯನ್ನು ಮೊಮ್ಮಗಳ ಕೈಗೆ ಕೊಟ್ಟರು. ಮರುದಿನ ಬೆಳಿಗ್ಗೆ ಬೆಂಡೋಲೆ ಎಲ್ಲಿ ಎಂದು ಹುಡುಕಿದರು. ಮೊಮ್ಮಗಳು ಕಿವಿ ತೋರಿಸಿದಳು. "ಓ, ನಿನಗೆ ಚೆಂದ ಕಾಣ್ತದೆ" ಎಂದರು.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರ ನೀವು ನೋಡಿರಬಹುದು. 2016ರಲ್ಲಿ ಬಂದದ್ದು, ಹೇಮಂತ್ ರಾವ್ ನಿರ್ದೇಶನ. ಅಲ್ಜೈಮರ್ ಇರುವ ತಂದೆಯಾಗಿ ಅನಂತನಾಗ್, ಬೆಂಗಳೂರಿನ ಗದ್ದಲದಲ್ಲಿ ಕಳೆದುಹೋಗುತ್ತಾರೆ. ಟಿ.ವಿ.ಯಲ್ಲಿ ಬಂದಾಗ ಚಾನೆಲ್ ಬದಲಿಸಲೇ ಎಂದು ನಾನು ಒದ್ದಾಡುತ್ತಿದ್ದೆ. ಅತ್ತೆ ಪೂರ್ತಿ ನೋಡಿ, "ಪಾಪ, ಆ ಮಗ ಕೈ ಬಿಡಬಾರದಿತ್ತು" ಎಂದರು.

ನಮ್ಮಲ್ಲಿ ಕಳೆದುಹೋಗುವುದು ಅಷ್ಟು ಸುಲಭವಲ್ಲ, ಅಷ್ಟು ಕಷ್ಟವೂ ಅಲ್ಲ. ಮಲೆನಾಡಿನ ಮನೆಗಳು ಒಂಟಿ ಒಂಟಿ. ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಮಕ್ಕಳೆಲ್ಲ ಪೇಟೆ ಸೇರಿ, ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಇಬ್ಬರೇ. ಮಳೆಗಾಲದಲ್ಲಿ ಫೋನಿನ ಸಿಗ್ನಲ್ಲು ದೇವರ ದಯೆ. ಹಿಂದೆ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸದ ದಾರಿಯೇ ಬಂದ್ ಆಗುತ್ತಿದ್ದ ಊರು ನಮ್ಮದು. ಆದರೆ ದೇವಸ್ಥಾನದ ದಾರಿಯಲ್ಲಿ ಅತ್ತೆಯನ್ನು ಗುರುತು ಹಿಡಿಯದವರಿಲ್ಲ. ಒಂದು ಮಧ್ಯಾಹ್ನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೋದವರು ಹೊರಗೆ ಬಂದು, ಮನೆ ಯಾವ ಕಡೆ ಎಂದು ತಿಳಿಯದೆ, ಪ್ರವಾಸಿಗಳ ಬಸ್ಸುಗಳ ನಡುವೆ ನಿಂತಿದ್ದರಂತೆ. ಅಂಗಡಿಯವರು ಕೂರಿಸಿ ನೀರು ಕೊಟ್ಟು ನನಗೆ ಫೋನು ಮಾಡಿದರು. ನಾನು ಶಾಲೆಯಿಂದ ಓಡಿ ಬಂದರೆ, "ನಿನಗಾಗಿ ಕಾಯ್ತಿದ್ದೆ" ಎಂದರು, ಮುಖದಲ್ಲಿ ಭಯ ಹಾಗೇ ಇತ್ತು. ನಾನು "ತಡವಾಯ್ತು ಅತ್ತೆ" ಎಂದೆ. ಇಬ್ಬರೂ ವಾಪಸು ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡಿದೆವು. ಅವರಿಗೆ ಅದು ಎರಡನೆಯ ಊಟವೋ ಮೊದಲನೆಯದೋ. ಅಲ್ಲಿ ಬಡಿಸುವವರು ಯಾರನ್ನೂ ಹೆಸರು ಕೇಳುವುದಿಲ್ಲ, ಊಟವಾಯಿತೇ ಎಂದೂ ಕೇಳುವುದಿಲ್ಲ.

ಅಂಗಡಿಯವರಿಗೆ, ಬಸ್ಸಿನ ಕಂಡಕ್ಟರಿಗೆ, ಆಟೋದವರಿಗೆ ನಾನು ಆಮೇಲೆ ಒಬ್ಬೊಬ್ಬರಿಗೇ ಹೇಳಿದೆ: ಅತ್ತೆಗೆ ಮರೆವಿನ ಕಾಯಿಲೆ, ಎಲ್ಲಾದರೂ ಕಂಡರೆ ಮಾತಾಡಿಸಿ. ಅರಳು ಮರಳು ಎನ್ನಲಿಲ್ಲ. ಹಿತ್ತಲಿಗೆ ಕರೆದು ಬುದ್ಧಿ ಹೇಳಿದ ನೆಂಟರಿಗೆ ಇದು ಹಿಡಿಸಲಿಲ್ಲ. ಮೊಮ್ಮಗಳಿಗೆ ಸಂಬಂಧ ನೋಡುವಾಗ ನೋಡೋಣ. ಇಷ್ಟಕ್ಕೆ ಹಿಂದೆ ಸರಿಯುವ ಮನೆ ಅವಳಿಗೆ ಬೇಡ ಎಂದು ಅವಳೇ ಹೇಳಿದ್ದಾಳೆ.

ನನಗೆ ಕೋಪ ಬರುವುದಿಲ್ಲ ಎಂದುಕೊಳ್ಳಬೇಡಿ. ಶಾಲೆಯಿಂದ ಬಂದು, ಉತ್ತರಪತ್ರಿಕೆಯ ಕಟ್ಟು ಮುಂದಿಟ್ಟುಕೊಂಡಾಗ, ಅದೇ ಪ್ರಶ್ನೆ ಏಳನೆಯ ಸಲ ಬಂದರೆ, ಪೆನ್ನು ಗಟ್ಟಿಯಾಗಿ ಒತ್ತಿ ಹಾಳೆ ಹರಿದದ್ದಿದೆ. ಒಂದು ದಿನ ಗದರಿಸಿಯೂ ಬಿಟ್ಟೆ. ರಾತ್ರಿ ಅವರ ಪುಸ್ತಕ ತೆಗೆದು ನೋಡುವ ಧೈರ್ಯ ಬರಲಿಲ್ಲ. ಅವರು ಮಾತ್ರ ಬೆಳಿಗ್ಗೆ ಎಲ್ಲ ಮರೆತು, "ಕಾಫಿ ಆಯ್ತಾ?" ಎಂದರು. ಈ ಕಾಯಿಲೆಯಲ್ಲಿ ಸೊಸೆಯಂದಿರಿಗಿರುವ ಏಕೈಕ ಅನುಕೂಲ ಇದು.

ಈ ವರ್ಷ ಮಿಡಿ ಚೆನ್ನಾಗಿ ಸಿಕ್ಕಿತು. ಎರಡು ವರ್ಷ ನಾನೇ ಹಾಕಿದ್ದ ಉಪ್ಪಿನಕಾಯಿ ಯಾರೂ ಇನ್ನೊಂದು ಬಾಟಲಿ ಕೇಳುವಂಥದ್ದಾಗಿರಲಿಲ್ಲ. ಕೆಲಸದವಳು ಒಂದು ಉಪಾಯ ಹೇಳಿದಳು. ಭರಣಿಗೆ ಬೇಕಾದ ಉಪ್ಪನ್ನು ಮೊದಲೇ ಎಂಟು ಬಟ್ಟಲುಗಳಲ್ಲಿ ಹಾಕಿ ಸಾಲಾಗಿ ಇಡುವುದು. ಒಂದು ಪದರಕ್ಕೆ ಒಂದು ಬಟ್ಟಲು. ಖಾಲಿಯಾದ ಬಟ್ಟಲು ಮಗುಚಿ ಇಡುವುದು. ಅತ್ತೆ ಮಣೆಯ ಮೇಲೆ ಭರಣಿಯ ಮುಂದೆ ಕೂತರು. ನಾನು ಮಿಡಿ ಕೊಡುವವಳು. ಕೆಲಸದವಳು ಬಟ್ಟಲಿನ ಉಸ್ತುವಾರಿ.

"ಉಪ್ಪು ಹಾಕಿದ್ದೆನಾ?"

"ಮೂರು ಬಟ್ಟಲು ಮಗುಚಿದೆ ಅತ್ತೆ."

"ಹಾಗಾದರೆ ನಾಲ್ಕನೆಯದು ಕೊಡು."

ಮತ್ತೆ 'ಹಾಕಿದ್ದೆನಾ' ಎನ್ನುವರು, ಬಟ್ಟಲು ನೋಡುವರು, ತಲೆಯಾಡಿಸುವರು. ಮಧ್ಯದಲ್ಲಿ ಕೆಲಸದವಳೊಡನೆ ತುಳುವಿನಲ್ಲಿ ಏನೋ ಹೇಳಿ ಇಬ್ಬರೂ ನಕ್ಕರು. ನನ್ನ ವಿಷಯವೇ ಇರಬೇಕು. ಎಂಟೂ ಬಟ್ಟಲು ಮುಗಿಯಿತು. ಮೂರನೆಯ ದಿನ ಮಿಡಿ ನೀರು ಬಿಟ್ಟಿತ್ತು. ಅತ್ತೆ ಭರಣಿಯ ಬಾಯಿಬಟ್ಟೆ ಬಿಚ್ಚಿ, ಮರದ ಸೌಟಿನಲ್ಲಿ ಮಗುಚಿ, ಒಂದು ಹನಿ ಅಂಗೈಗೆ ಹಾಕಿ ನೆಕ್ಕಿದರು.

"ಉಪ್ಪು ಕಡಿಮೆಯಾಯ್ತು" ಎಂದರು. "ನಿನ್ನ ಕೈ ಯಾವಾಗಲೂ ಹಿಡಿತ. ಇನ್ನೊಂದು ಮುಷ್ಟಿ ತಾ."

ನಾನು ಕೆಲಸದವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಎಂಟು ಬಟ್ಟಲು ನಾನೇ ತೂಗಿಟ್ಟದ್ದು. ನಾನೂ ಒಂದು ಹನಿ ನೆಕ್ಕಿ ನೋಡಿದೆ. ಕಡಿಮೆಯೇ ಇತ್ತು. ಹೋಗಿ ಕಲ್ಲುಪ್ಪಿನ ಮರಿಗೆ ತಂದು ಅವರ ಮುಂದಿಟ್ಟೆ.